ಮೂರು ಮನೆ, ಒಂದು ಹಿತ್ತಲು

ಒಂದೊಂದು ವಯಸ್ಸಿಗೆ ಒಂದೊಂದು ಚಟ ಎಂದು ಕಾಣುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಓರಗೆಯ ಹೆಂಗಸರು ಕೆಲವರು ಭಜನೆಗೆ ಹೋಗುತ್ತಾರೆ, ಕೆಲವರು ಬೆಳಗಿನ ವಾಕಿಂಗ್ ಹೆಸರಿನಲ್ಲಿ ಅರ್ಧ ಸಾಂಗ್ಲಿಯ ಸುದ್ದಿ ಹೊತ್ತು ತರುತ್ತಾರೆ, ಒಬ್ಬರಂತೂ ಟೀವಿಯಲ್ಲಿ ಅತ್ತೆ-ಸೊಸೆ ಕಚ್ಚಾಡುವುದನ್ನು ನೋಡದೆ ಊಟಕ್ಕೇ ಕೂರುವುದಿಲ್ಲ. ನಾನು ಮನೆ ಕಟ್ಟುತ್ತೇನೆ. ಗಾಬರಿಯಾಗಬೇಡಿ, ನನ್ನ ಯಜಮಾನರ ಅರಿಶಿಣ ದಲಾಲಿಯ ಅಡತ್ ಅಂಗಡಿಗೆ ಯಾವ ಲಾಟರಿಯೂ ಹೊಡೆದಿಲ್ಲ. ನನ್ನ ಮನೆಗಳಿಗೆ ಇಟ್ಟಿಗೆ ಬೇಡ, ಸಿಮೆಂಟು ಬೇಡ, ಕೈ ಕೊಟ್ಟು ಓಡಿಹೋಗುವ ಗೌಂಡಿಯೂ ಬೇಡ. ಮಗಳ ಹಳೆಯ ಲ್ಯಾಪ್‌ಟಾಪು ಮತ್ತು ಮಧ್ಯಾಹ್ನ ಪಾತ್ರೆ ತೊಳೆದ ಮೇಲಿನ ಹೊತ್ತು, ಇಷ್ಟಿದ್ದರೆ ಸಾಕು.

ಶುರುವಾದದ್ದು ಕಾಲು ಉಳುಕಿ. ಡಾಕ್ಟರು ಮಂಚ ಬಿಟ್ಟು ಇಳಿಯಬೇಡಿ ಎಂದರು. ಮಂಚದ ಮೇಲೆ ಕೂತು ನಾನು ಅಡುಗೆಮನೆಯನ್ನು ಕೂಗಿ ಕೂಗಿ ನಡೆಸತೊಡಗಿದೆ. ಮೂರನೆಯ ದಿನ ಮಗಳು ಪಲ್ಲವಿ ಸಾಕಪ್ಪಾ ಸಾಕು ಎಂದು ತನ್ನ ಲ್ಯಾಪ್‌ಟಾಪು ತಂದು ನನ್ನ ತೊಡೆಯ ಮೇಲಿಟ್ಟಳು. ಅದರೊಳಗೊಂದು ಆಟ. ಖಾಲಿ ಜಾಗ ಕೊಡುತ್ತಾರೆ, ಕೈಗೊಂದಿಷ್ಟು ಸುಳ್ಳು ದುಡ್ಡು ಕೊಡುತ್ತಾರೆ, ಅಷ್ಟರಲ್ಲಿ ಪುಟ್ಟ ಮನೆ ಕಟ್ಟಬೇಕು. ಕಟ್ಟಿದೊಡನೆ ಗೊಂಬೆಯಂಥ ಮನುಷ್ಯರು ಬಂದು ಒಳಗೆ ಇರತೊಡಗುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ, ಮುನಿಸಿಕೊಳ್ಳುತ್ತಾರೆ. ನನ್ನ ಮೊದಲ ಮನೆಯಲ್ಲಿ ಗೊಂಬೆಯೊಂದು ಕೈ ಬೀಸಿ ಬೀಸಿ ಏನೋ ಒದರುತ್ತಿತ್ತು. ಆಹಾ, ಮನೆ ಎಷ್ಟು ಇಷ್ಟವಾಗಿದೆ ನೋಡು ಎಂದು ನಾನು ಹಿಗ್ಗಿದೆ. ಪಲ್ಲವಿ ಹಣೆ ಹಣೆ ಚಚ್ಚಿಕೊಂಡಳು. "ಆಯಿ, ದಾರ್ ವಿಸರಲೀಸ್ ತೂ!" ಬಾಗಿಲು ಇಡುವುದನ್ನೇ ಮರೆತಿದ್ದೆ. ನನ್ನ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ತಾಯಿಯನ್ನು ಬೈಯುವಾಗ ಅವಳಿಗೆ ಮರಾಠಿಯೇ ಕೈಗೆ ಹತ್ತುತ್ತದೆ.

ಯಜಮಾನರು ಅಂಗಡಿಯಿಂದ ಬಂದವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಕಿಟಕಿಯ ಬೆಲೆ ಅವರ ಕಣ್ಣಿಗೆ ಬಿತ್ತು. "ಒಂದ್ ಕಿಡಕಿಗೆ ಇಷ್ಟ? ಕಮ್ಮಿ ಮಾಡ ಅನ್ನ ಅವಂಗ," ಎಂದರು. "ಯಾರಿಗರೀ ಅನ್ಲಿ? ಇಲ್ಲೆ ಯಾರೂ ಇಲ್ಲ," ಎಂದೆ. ಹಿಂದಿನ ಕಾಲದವರ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿದ ಮನೆತನ ಅವರದು. ಹಿಡಿಯಲು ಒಂದು ಕೈಯೇ ಇಲ್ಲದ ವ್ಯಾಪಾರ ಅವರಿಗೆ ಸರಿಬರಲಿಲ್ಲ. "ಹಂಗಾರ ಇದು ಲುಚ್ಚಾ ಆಟ," ಎಂದು ತೀರ್ಪು ಕೊಟ್ಟು ಚಹಾ ಕೇಳಿದರು.

ಕಾಲು ನೆಟ್ಟಗಾಯಿತು, ಚಟ ನೆಟ್ಟಗಾಗಲಿಲ್ಲ. ದಿನಾ ಮನೆ ಕಟ್ಟಿದೆ, ಕೆಡವಿದೆ. ಸ್ವಲ್ಪ ದಿನ ಹೋದ ಮೇಲೆ ಒಂದು ಮಾತು ನನ್ನ ಗಮನಕ್ಕೆ ಬಂತು. ನಾನು ಏನೇ ಕಟ್ಟಿದರೂ ಅದು ಕಡೆಗೆ ಒಂದೇ ಆಕಾರಕ್ಕೆ ಬಂದು ನಿಲ್ಲುತ್ತಿತ್ತು: ನಡುವೆ ತೋಟ, ಸುತ್ತ ಮೂರು ಪುಟ್ಟ ಪುಟ್ಟ ಮನೆ. ಒಂದು ಕೋಣೆ, ಒಂದು ಒಲೆ, ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟೇ ಜಾಗ. ತೋಟದಲ್ಲಿ ಕರಿಬೇವು ಬೇಕೆಂದು ಹುಡುಕಿದೆ. ಆಟದಲ್ಲಿ ಹೆಸರು ಗೊತ್ತಿಲ್ಲದ ಅರವತ್ತು ಬಗೆಯ ಹೂವಿನ ಗಿಡಗಳಿದ್ದವು, ಕರಿಬೇವಿಲ್ಲ. ಯಾವುದೋ ಗಿಡ ತಂದು ನೆಟ್ಟು, ಇದೇ ಕರಿಬೇವು ಎಂದು ನಂಬಿದೆ. ದೇವರ ಜಗಲಿಗೂ ಅದೇ ಗತಿ, ದೇವರನ್ನು ಪುಸ್ತಕದ ಕಪಾಟಿನ ಮೇಲ್ಗಡೆ ಕೂರಿಸಿದೆ.

ಮೂರು ಮನೆ ಏಕೆಂದರೆ ನಾವು ಮೂವರು ಅಕ್ಕ-ತಂಗಿಯರು. ನಾನು ಸಾಂಗ್ಲಿಯಲ್ಲಿ, ನಡುವಿನವಳು ನೀಲಾ ಮಿರಜಿನಲ್ಲಿ, ಸಣ್ಣವಳು ಶೈಲಾ ಮಾಲಗಾಂವದಲ್ಲಿ, ದ್ರಾಕ್ಷಿ ತೋಟದವರ ಮನೆಯಲ್ಲಿ. ಭೂಗೋಳ ಬಲ್ಲವರು ನಗಬಹುದು. ಸಾಂಗ್ಲಿ-ಮಿರಜಿನ ನಡುವೆ ಅಂತರವೆಂಬುದೇ ಉಳಿದಿಲ್ಲ, ಮಾಲಗಾಂವ ಅಲ್ಲಿಂದ ಇನ್ನೊಂದು ಸಣ್ಣ ಬಸ್ಸಿನ ದಾರಿ. ಅದೇ ನೋಡಿ ನಮ್ಮ ಗ್ರಹಚಾರ. ದೂರದ ಪುಣೆಯಲ್ಲಿರುವ ನಾದಿನಿಯ ಮನೆಗೆ ವರ್ಷಕ್ಕೊಮ್ಮೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ. ಮಿರಜಿನ ತಂಗಿಯ ಮನೆಗೆ ಮಾತ್ರ "ಇಲ್ಲೇ ಐತೆಲ್ಲ, ನಾಳೆ ಹೋದ್ರಾತು" ಎಂದು ವರ್ಷ ಕಳೆಯುತ್ತದೆ. ನಾವು ಸೇರುವುದು ಮದುವೆ ಮುಂಜಿಯಲ್ಲಿ, ರೇಷ್ಮೆ ಸೀರೆಯುಟ್ಟು, ಬೀಗರ ಕಣ್ಣೆದುರು. ಅಲ್ಲಿ ಏನು ಮಾತಾಡಲು ಬರುತ್ತದೆ? ಬ್ಲೌಸು ಎಲ್ಲಿ ಹೊಲಿಸಿದಿ, ಇಷ್ಟೇ.

ನನಗೆ ಬೇಕಾದದ್ದು ಬ್ಲೌಸಿನ ಸುದ್ದಿಯಲ್ಲ. ಹುಟ್ಟಿ ಬೆಳೆದದ್ದು ಮಿರಜಿನ ಒಂದು ಹಳೆಯ ವಾಡೆಯ ಎರಡು ಕೋಣೆಗಳಲ್ಲಿ. ಹಿಂದೆ ನಾಲ್ಕು ಬಿಡಾರಗಳಿಗೆ ಸೇರಿ ಒಂದೇ ಹಿತ್ತಲು, ಅದರಲ್ಲೊಂದು ಬಾವಿ, ಒಂದು ಒಗೆಯುವ ಕಲ್ಲು, ಒಂದು ಕರಿಬೇವಿನ ಮರ. ಹೆಪ್ಪಿಗೆ ಮೊಸರು ಬೇಕೆಂದು ಪಕ್ಕದ ಬಿಡಾರದ ಮಾವಶಿಯೊಬ್ಬಳು ಬಟ್ಟಲು ಹಿಡಿದು ಬಂದರೆ ಮೊಸರು ಒಯ್ಯುವ ಹೊತ್ತಿಗೆ ಸಂಜೆಯಾಗುತ್ತಿತ್ತು. ನಮ್ಮವ್ವ ರೊಟ್ಟಿ ಬಡಿಯುವ ಸದ್ದು, ಪಕ್ಕದವರ ಒಗ್ಗರಣೆಯ ವಾಸನೆ, ನಾವು ಮೂವರು ಒಂದೇ ಕೌದಿಯಲ್ಲಿ ಕಾಲು ಚಾಚಿ ಜಗಳ. ಈಗ ಅಲ್ಲಿ ಅಂಗಡಿಗಳ ಕಟ್ಟಡ ಎದ್ದಿದೆ, ಬಾವಿಯಿದ್ದಲ್ಲಿ ಮೋಟರ್ ಸೈಕಲ್ಲು ನಿಲ್ಲಿಸುತ್ತಾರೆ. ನಾನು ಆ ದಾರಿಯಲ್ಲಿ ರಿಕ್ಷಾದವನನ್ನು ಹೋಗಗೊಡುವುದಿಲ್ಲ. ಮತ್ತೊಮ್ಮೆ ತಂಗಿಯರ ಜೊತೆ ಒಂದೇ ಹಿತ್ತಲಲ್ಲಿ ಇರಬೇಕು ಎಂಬ ಆಸೆ ನನಗೆ ಎಷ್ಟಿದೆ ಎಂದು ನನಗೇ ತಿಳಿದದ್ದು ಈ ಹಾಳು ಆಟದಿಂದ.

ಒಂದು ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದೆ. ಜುಣಕ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ ಹೊಟ್ಟೆಗೆ ಹಾಕಿ, ಬಾಯಿ ಮೆತ್ತಗಾದ ಮೇಲೆ ಲ್ಯಾಪ್‌ಟಾಪು ತೆಗೆದೆ. ಮೂರು ಗೊಂಬೆಗಳಿಗೆ ನಮ್ಮ ಮೂವರ ಹೆಸರೇ ಇಟ್ಟಿದ್ದೆ. ಶೈಲಾಳ ಗೊಂಬೆಗೆ ಅವಳಿಗಿಂತ ಸಣ್ಣ ಸೊಂಟ ಕೊಟ್ಟಿದ್ದರಿಂದ ಅವಳು ಕೂಡಲೇ ಒಲಿದಳು. ನೀಲಾ ಮಾತ್ರ ಕನ್ನಡಕ ಏರಿಸಿಕೊಂಡು ಮನೆಗಳನ್ನೇ ದಿಟ್ಟಿಸಿದಳು. ಅವಳ ಗಂಡನ ಅಂಗಡಿಯ ಬಾಗಿಲು ವಾಸ್ತು ನೋಡುವವನ ಮಾತಿನ ಮೇಲೆ ಎರಡು ಸಲ ಜಾಗ ಬದಲಿಸಿದೆ.

"ಅಕ್ಕಾ, ನಿನ್ನ ಬಾಗಲಾ ಯಾವ ದಿಕ್ಕಿಗೈತಿ?"

"ತ್ವಾಟದ ಕಡೆ."

"ಅಂದ್ರ ಮೂಡಲಕ್ಕ. ಶೈಲಾಂದು ಬಡಗಣಕ್ಕ, ಹೋಗ್ಲಿ, ನಡಿತೈತಿ. ನಂದು?"

ನಾನು ಪರದೆಗೆ ಕೈ ಅಡ್ಡ ಹಿಡಿದೆ. ತೋಟದ ಉತ್ತರಕ್ಕೆ ಅವಳ ಮನೆ, ಬಾಗಿಲು ತೋಟದ ಕಡೆಗೆ, ಅಂದರೆ ನೆಟ್ಟಗೆ ದಕ್ಷಿಣಕ್ಕೆ.

"ಯಮನ ದಿಕ್ಕು ನನಗ! ಮೂಡಲ ಬಾಗಲಾ ನಿನಗ! ಸಣ್ಣಾಕಿದ್ದಾಗಿಂದ ನೋಡಕೋತ ಬಂದೇನಿ, ಕೌದಿಯ ನಡುವಿನ ಜಾಗಾನೂ ನಿನಗ ಬೇಕಾಗಿತ್ತ!"

"ಅಯ್ಯ, ಇದು ಆಟ ನೀಲಾ!"

"ಆಟದಾಗ ಹಿಂಗ ಮಾಡಾಕಿ, ಖರೇನ ಕಟ್ಟಿದ್ರ ಏನ್ ಮಾಡ್ತಿದ್ದಿ?"

ಜಗಳ ಎಷ್ಟು ಜೋರಾಯಿತೆಂದರೆ ಒಳಗೆ ಮಲಗಿದ್ದ ಯಜಮಾನರು ಎದ್ದು ಬಂದು, ನಮ್ಮನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೇ ಹೋದರು. ಪಲ್ಲವಿ ಪಂಚಾಯಿತಿಗೆ ಕೂತು ಉಳಿದೆರಡು ಮನೆಗಳ ಬಾಗಿಲನ್ನೂ ಪೂರ್ವಕ್ಕೆ, ರಸ್ತೆಯ ಕಡೆಗೆ ತಿರುಗಿಸಿದಳು. ಈಗ ಯಾರಿಗೂ ತಕರಾರಿಲ್ಲ. ಆಟ ಮುಂದೆ ಸಾಗಿತು. ನೀಲಾಳ ಗೊಂಬೆ ಬಾಗಿಲು ತೆರೆದು ನೇರ ರಸ್ತೆಗೆ ಹೋಯಿತು. ಶೈಲಾಳದು ಇನ್ನೊಂದು ಕಡೆಯಿಂದ ರಸ್ತೆಗೆ ಹೋಯಿತು. ನನ್ನ ಬಾಗಿಲೊಂದೇ ಮೊದಲಿನಂತೆ ತೋಟಕ್ಕೆ, ಹಾಗಾಗಿ ನನ್ನದೊಂದೇ ತೋಟದಲ್ಲಿ ನಿಂತು, ಅತ್ತಿತ್ತ ನೋಡಿ, ಆಕಳಿಸಿ, ಒಳಗೆ ಹೋಗಿ ಮಲಗಿತು. ತೋಟದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಥೇಟ್ ನಮ್ಮ ಮೂವರದೇ ಬದುಕು.

ಆಮೇಲೆ ನೀಲಾ ಮೆತ್ತಗೆ ಕೇಳಿದಳು, "ಮಿರಜದ ವಾಡೇದಾಗ ನಮ್ಮ ಮುಂಚಿ ಬಾಗಲಾ ಯಾವ ದಿಕ್ಕಿಗಿತ್ತ?"

ನನಗೆ ನೆನಪಾಗಲಿಲ್ಲ. ಶೈಲಾಳಿಗೂ ಆಗಲಿಲ್ಲ. ಅಷ್ಟು ವರ್ಷ ಇದ್ದ ಮನೆಯ ಮುಂಬಾಗಿಲು ಮೂವರಲ್ಲಿ ಒಬ್ಬರಿಗೂ ನೆನಪಿಲ್ಲ! ಅದನ್ನು ತೆರೆಯುತ್ತಿದ್ದದ್ದು ಲಕ್ಷ್ಮಿ ಬರಲೆಂದು ಸಂಜೆ ಸ್ವಲ್ಪ ಹೊತ್ತು, ಇಲ್ಲವೆ ಹೆಣ್ಣು ನೋಡಲು ಬಂದವರಿಗೆ. ನಾವು ಮೂವರು ಅದರಿಂದ ಸರಿಯಾಗಿ ದಾಟಿದ್ದು ಮದುವೆಯಾಗಿ ಹೊರಟ ದಿನ. ಬದುಕೆಲ್ಲ ನಡೆದದ್ದು ಹಿತ್ತಲ ಬಾಗಿಲಲ್ಲಿ. ಅದು ಎಷ್ಟು ಗಿಡ್ಡ, ಅದಕ್ಕೆ ಯಾರ್ಯಾರ ತಲೆ ಎಷ್ಟೆಷ್ಟು ಸಲ ಬಡಿದಿದೆ, ಅದರ ಹೊಸ್ತಿಲ ಮೇಲೆ ಕೂತರೆ ಯಾವ ಮೂಲೆಯಲ್ಲಿ ಬೆನ್ನಿಗೆ ಮೊಳೆ ಚುಚ್ಚುತ್ತದೆ, ಎಲ್ಲ ನೆನಪಿತ್ತು. "ಪಲ್ಲೂ," ಎಂದಳು ನೀಲಾ, "ಮೂರಕ್ಕೂ ಹಿಂದ ಒಂದೊಂದ ಬಾಗಲಾ ಇಡ. ಹಿತ್ತಲ ಬಾಗಲಕ್ಕ ದಿಕ್ಕಿಲ್ಲ." ವಾಸ್ತುವಿನಲ್ಲಿ ಹಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಹೇಳಿದ ಮೇಲೆ ಮುಗಿಯಿತು. ನನ್ನ ಮನೆಗೂ ಮುಂಬಾಗಿಲು ಪೂರ್ವದ ರಸ್ತೆಗೇ ಬರುವಂತೆ ತೋಟದ ಇನ್ನೊಂದು ಮಗ್ಗುಲಿಗೆ ಸರಿಸಿ, ತೋಟಕ್ಕೆ ಹಿಂಬಾಗಿಲು ಕೊಟ್ಟಳು ಪಲ್ಲವಿ; ನ್ಯಾಯ ಎಂದರೆ ಎಲ್ಲರಿಗೂ ನ್ಯಾಯ. ಗೊಂಬೆಗಳು ಹಿಂದಿನಿಂದ ಒಂದೊಂದಾಗಿ ಇಳಿದು ಬಂದು, ನನ್ನ ಸುಳ್ಳು ಕರಿಬೇವಿನ ಕೆಳಗೆ ನಿಂತು ಮಾತಿಗೆ ತೊಡಗಿದವು. ಒಲೆಯ ಮೇಲಿನ ಅಡುಗೆ ಸೀದುಹೋಯಿತು, ಅವು ಕದಲಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಪರದೆ ನೋಡಿ ಕಣ್ಣು ಉರಿಯುತ್ತಿದೆ ಎಂದು ಸೆರಗು ಒತ್ತಿಕೊಂಡೆ.

ಆಗ ಶೈಲಾ ಬಾಯಿಬಿಟ್ಟಳು. "ಅಕ್ಕಾ, ನಮ್ಮಲ್ಲೆ ಹಳೇ ದ್ರಾಕ್ಷಿ ಬಳ್ಳಿ ತಗದ್ವಿ. ಬದುವಿನ ಕಡೆ ಒಂದ್ ತುಂಡ ಜಾಗಾ ಸುಮ್ನ ಬಿದ್ದೈತಿ. ನಮ್ಮ ಮನ್ಯಾಗ ಬ್ಯಾಡ ಅನ್ನಂಗಿಲ್ಲ. ಸಣ್ಣ ಸಣ್ಣ ಮೂರ್ ಮನಿ ಏನ್ ಭಾರ? ಖರೇನ ಕಟ್ಟೂಣೇನ? ನೀ ಬರ್ತಿಯೇನ?"

ಇಷ್ಟು ದಿನ ದಿನಕ್ಕೊಂದು ಸಲ ಈ ಮನೆ ಕಟ್ಟಿದವಳು ನಾನು. ಗೋಡೆಯ ಬಣ್ಣ ಆರಿಸಿದವಳು ನಾನು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? "ನಿಮ್ಮ ದಾಜೀನ ಕೇಳಿ ಹೇಳ್ತೇನಿ." ನಮ್ಮ ಕಡೆ ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ಮೂವತ್ತು ವರ್ಷದಲ್ಲಿ ಸೀರೆಯಿಂದ ಸಿಲಿಂಡರಿನವರೆಗೆ ನಾನು ಅವರನ್ನು ಯಾವುದಕ್ಕೂ ಕೇಳಿದವಳಲ್ಲ. ತಂಗಿಯರು ಬಿದ್ದು ಬಿದ್ದು ನಕ್ಕರು. ನಾನು ಗಡಿಬಿಡಿಯಲ್ಲಿ ಪಲ್ಲವಿಯ ಪರೀಕ್ಷೆ, ನನ್ನ ಮೊಣಕಾಲು, ಹೊಲದ ಹಾವು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನೀಲಾ ತನ್ನ ಅತ್ತೆಯ ಔಷಧ ನೆನಪಿಸಿಕೊಂಡಳು. ಶೈಲಾ "ಆತು ಬಿಡ" ಎಂದು ಹೋಳಿಗೆ ಡಬ್ಬಿ ಕಟ್ಟಿಸಿಕೊಂಡು ಎದ್ದಳು. ಅವರು ಲಿಫ್ಟಿನಲ್ಲಿ ಇಳಿದುಹೋದ ಮೇಲೆ ಮನೆ ಎಷ್ಟು ಖಾಲಿಯಾಯಿತೆಂದರೆ ಫ್ರಿಜ್ಜಿನ ಸದ್ದು ಕೇಳಿಸತೊಡಗಿತು. ಅವತ್ತಿನಿಂದ ನನಗೆ ಆಟ ಆಡಲಾಗಲಿಲ್ಲ. ತೆರೆದರೆ ಆ ಮೂರು ಗೊಂಬೆಗಳು ಮರದ ಕೆಳಗೆ ನಿಂತಿರುತ್ತವೆ, ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅವತ್ತೇ ಸಂಜೆ ಯಜಮಾನರನ್ನು ಕೇಳಿಯೂ ಕೇಳಿದೆ. "ಹೋಗ," ಎಂದರು, ಪೇಪರಿನಿಂದ ತಲೆ ಎತ್ತದೆ. "ನನ್ನನ್ನೂ ಕರಕೊಂಡ ಹೋಗ. ಅಲ್ಲೆ ಕಿಡಕಿ ರೇಟ ನಾ ಮಾತಾಡ್ತೇನಿ." ನೆಪವೊಂದಿತ್ತು, ಅದೂ ಹೋಯಿತು.

ಮಳೆ ಮುಗಿದ ಮೇಲೆ ಒಂದು ದಿನ ಶೈಲಾಳ ಫೋನು. "ಮನಿ ನಿಮಗ ತಿಳಿದಾಗ ಕಟ್ರಿ. ನಾ ಕರಿಬೇವ ಹಚ್ಚೇನಿ. ಒಬ್ಬಾಕಿಗೆ ನೀರ ಹಾಕಾಕ ಆಗಂಗಿಲ್ಲ, ಬರ್ರಿ." ಆಟದಲ್ಲಿ ಮೊದಲು ಮನೆ, ಆಮೇಲೆ ತೋಟ. ಇವಳು ಮೊದಲಿಂದಲೂ ಉಲ್ಟಾ ಖೋಪಡಿ. ಮಿರಜಿನಲ್ಲಿ ನೀಲಾಳನ್ನು ಎಬ್ಬಿಸಿಕೊಂಡು ಮಾಲಗಾಂವದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಖಾಲಿ ಜಾಗದ ನಡುವೆ ಗೇಣುದ್ದದ ಕರಿಬೇವು. ಅದರ ಸುತ್ತ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಮೂರು ಮನೆ! ಗೋಡೆ, ಒಲೆ, ಜಗಲಿ, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ಎಲ್ಲ ಗೆರೆಯಲ್ಲಿ. ಪರದೆಯ ಮೇಲೆ ಅರಮನೆಯಂತೆ ಕಾಣುತ್ತಿದ್ದ ನನ್ನ ಕೋಣೆಯಲ್ಲಿ ಈಗ ನಾನು ಕಾಲು ಚಾಚಿದರೆ ಪಾದ ರಸ್ತೆಗೆ ಹೋಗುತ್ತಿತ್ತು. ದ್ರಾಕ್ಷಿಯ ಕ್ರೇಟು ಬೋರಲು ಹಾಕಿಕೊಂಡು ಮೂವರೂ ಕೂತೆವು. ಗಿಡಕ್ಕೆ ನೀರು ಹಾಕಿದ್ದು ಎರಡು ತಂಬಿಗೆ, ಮಾತಾಡಿದ್ದು ಹೊತ್ತು ಮುಳುಗುವವರೆಗೆ. ಒಬ್ಬರೂ ಬ್ಲೌಸಿನ ಸುದ್ದಿ ಎತ್ತಲಿಲ್ಲ. ಈ ಮನೆಗಳಿಗೆ ಗೋಡೆ ಏಳುತ್ತದೋ ಇಲ್ಲವೋ ದೇವರೇ ಬಲ್ಲ, ಮುಂದಿನ ಮಳೆಗೆ ಗೆರೆಯೂ ಉಳಿಯುವುದಿಲ್ಲ. ನನಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಕಡೆಯ ಬಸ್ಸು ತಪ್ಪುತ್ತದೆಂದು ನಾನು ಗಡಬಡಿಸಿ ಎದ್ದು, ಚೀಲ ಹಿಡಿದು ಅಡ್ಡಹಾಯ್ದು ಹೊರಟೆ. ಹಿಂದಿನಿಂದ ನೀಲಾ ಕೂಗಿದಳು.

"ಅಕ್ಕಾ! ಕಣ್ಣಿಲ್ಲೇನ? ನನ್ನ ಅಡಗಿಮನಿ ಗ್ವಾಡ್ಯಾಗ ಹಾಯ್ದ ಹೊಂಟಿಯಲ್ಲ! ಬಾಗಲದಾಗಿಂದ ಹೋಗ!"

ಬಸ್ಸು ಹೋದರೆ ಹೋಗಲಿ ಎಂದು ತಿರುಗಿ ಬಂದೆ. ಹಿತ್ತಲ ಬಾಗಿಲು ಹುಡುಕಿ ಅದರಿಂದಲೇ ದಾಟಿದೆ. ಕಡಿಮೆ ದುಡ್ಡಿನ ಮನೆ, ಬಾಗಿಲು ಗಿಡ್ಡ. ತಲೆ ಬಗ್ಗಿಸಿಯೇ ಹೋದೆ.