ಕಾರ್ಡಿನ ಮೂಲೆ ತೋರಿಸಿ ಕೊಸರು ಕೇಳಿದ್ದು

'ಟಣ್!' ಎಂದು ಅಲ್ಯುಮಿನಿಯಂ ಕ್ಯಾನು ನಮ್ಮ ಮೆಟ್ಟಿಲಿಗೆ ತಾಗಿತೆಂದರೆ ಆಂಡರ್ಸನ್‌ಪೇಟೆಯಲ್ಲಿ ಬೆಳಗಾಯಿತೆಂದೇ ಅರ್ಥ. ಚಿನ್ನದ ಗಣಿಯ ಸೈರನ್ ನಿಂತುಹೋದ ಮೇಲೆ ನಮ್ಮ ಬೀದಿಗೆ ಉಳಿದಿದ್ದ ಗಡಿಯಾರ ಅದೊಂದೇ. ಹಿಂದೆಯೇ ಹಾಲಿನ ಮುನಿಯಮ್ಮನ ದನಿ: "ಅಮ್ಮೋ, ಆಲು!"

ಲೀಟರು ಅಳೆದು ಹಾಕಿದ ಮೇಲೆ ಒಂದು ಕೊಸರು, ಅಂದರೆ ಲೆಕ್ಕಕ್ಕಿಲ್ಲದ ಸಣ್ಣ ಧಾರೆ. ಕೊಸರಿನ ಜೊತೆಗೆ ಸೊಸೆಯ ಕೋಪ, ಹಸುವಿನ ಕೆಮ್ಮು, ನನ್ನ ಮಂಡಿನೋವಿನ ವಿಚಾರಣೆ. ಒಟ್ಟು ಇಪ್ಪತ್ತು ನಿಮಿಷ! ಕಾನ್ವೆಂಟಿನಲ್ಲಿ ಪಂಕ್ಚುವಾಲಿಟಿ ಕಲಿತ ನಾನು ಬಾಗಿಲಲ್ಲಿ ಕಾಲು ಬದಲಾಯಿಸುತ್ತಾ ನಿಲ್ಲುತ್ತಿದ್ದೆ.

ಹೀಗಿರುವಾಗ ಸರ್ಕಲ್ಲಿಗೆ ಹಾಲಿನ ಮಷೀನು ಬಂತು. ದುಡ್ಡು ತುಂಬಿಸಿದ ಕಾರ್ಡ್ ತೋರಿಸಿದರೆ ಹಾಲು. ಮಾತಿಲ್ಲ, ಕತೆಯಿಲ್ಲ. ಹೌ ಸಿವಿಲೈಜ್ಡ್! ಮನೆಗಳೆಲ್ಲ ಒಂದೊಂದಾಗಿ ಅತ್ತ ವಾಲಿದವು. ಕೊನೆಗೆ ಮುನಿಯಮ್ಮನಿಗೆ ಉಳಿದದ್ದು ನಮ್ಮ ಮನೆಯೊಂದೇ.

"ನಾಳೆಯಿಂದ ಹಾಲು ಬೇಡ, ಮುನಿಯಮ್ಮ. ಈಗೆಲ್ಲಾ ಆಟೋಮೇಷನ್ನು. ಮಷೀನೇ ಹಾಲು ಕೊಡುತ್ತೆ."

"ಕರೀದಂಗೇ ಕೊಡ್ತದಾ? ಪುಣ್ಯಾತ್ಗಿತ್ತಿ!" ಎಂದವಳು ಕ್ಯಾನಿನ ಮುಚ್ಚಳ ಒತ್ತಿದಳು. "ನೀವೊಬ್ರೂ ಬುಟ್ಬುಟ್ರೆ ಅಸೂನ ಏನ್ಮಾಡ್ಲಮ್ಮೋ?"

ನಾನು 'ಸಾರಿ' ಎಂದು ಬಾಗಿಲು ಮುಂದೆ ಮಾಡಿದೆ.

ನಮ್ಮ ಯಜಮಾನರು ಪೇಪರ್ ಇಳಿಸಿದರು. "ಒಂದು ವಾರ. ನೀನೇ ಹೋಗಿ ಅವಳನ್ನ ಕರ್ಕೊಂಡು ಬರ್ತೀಯ, ನೋಡ್ತಿರು."

"ನೆವರ್!" ಎಂದೆ.

ಮರುದಿನ ಪಾತ್ರೆ ಹಿಡಿದು ಹೊರಟೆ. ಅಭ್ಯಾಸಬಲದಿಂದ ಮಷೀನಿಗೆ 'ಗುಡ್ ಮಾರ್ನಿಂಗ್' ಹೇಳಿ ಕಾರ್ಡ್ ತೋರಿಸಿದೆ. ಒಂದು ಲೀಟರ್ ಬಿತ್ತು. ನಿಂತಿತು. ನಾನೂ ನಿಂತೆ.

ಹಿಂದಿದ್ದ ಆಟೋ ಸೆಲ್ವಂ ಇಣುಕಿದ. "ಅಜ್ಜಿ, ಮುಗೀತು. ಪಾತ್ರೆ ತಗೊಳ್ಳಿ."

"ಕೊಸರು ಬರಲಿಲ್ಲವಲ್ಲಪ್ಪ!"

ಕ್ಯೂ ಪೂರ್ತಿ ನಕ್ಕಿತು. "ಕೊಸರು ಆಕಕ್ಕೆ ಅದೇನು ನಿಮಗೆ ಬೇಕಾದೋರ ಪೈಕೀನಾ ಅಜ್ಜಿ?" ಎಂದ ಸೆಲ್ವಂ.

ನನಗೆ ರೋಷ ಬಂತು. ಪೂರ್ತಿ ಕಾರ್ಡಿಗೆ ಪೂರ್ತಿ ಲೀಟರ್ ಆದರೆ, ಕೊಸರಿಗೆ ಕಾರ್ಡಿನ ಮೂಲೆ ಸಾಕೆಂದು ತರ್ಕಿಸಿದೆ. ಮೂಲೆಯನ್ನಷ್ಟೇ, ಬಹಳ ಮರ್ಯಾದೆಯಿಂದ, ತೋರಿಸಿದೆ.

ಮಷೀನಿಗೆ ಮೂಲೆ ಗೊತ್ತಿಲ್ಲ! ಇನ್ನೊಂದು ಇಡೀ ಲೀಟರ್ ಧುಮುಕಿತು. ಪಾತ್ರೆ ಉಕ್ಕಿತು. "ಸ್ಟಾಪ್! ಪ್ಲೀಸ್! ಇನಫ್!" ಎಂದು ನಲ್ಲಿಗೆ ಅಂಗೈ ಅಡ್ಡ ಹಿಡಿದೆ. ಹಾಲು ಚಿಮ್ಮಿ ನನ್ನ ಕನ್ನಡಕಕ್ಕೂ ಸೆಲ್ವಂನ ಖಾಕಿ ಶರ್ಟಿಗೂ ಅಭಿಷೇಕವಾಯಿತು. "ಐಯೋ ಪಾಟಿ! ಅಜ್ಜೀ!" ಎಂದು ಅವನು ಬಾಯಿ ಬಿಟ್ಟ. ಬಾಯಿಗೂ ಬಿತ್ತು. ಯಾರೋ ಹೆಲ್ಮೆಟ್ ತೆಗೆದು ಹಾಲಿಗೆ ಒಡ್ಡಿದರು. ಎರಡು ನಾಯಿಗಳು ಬಂದವು. ಅವಕ್ಕೆ ಮಾತ್ರ ಧಾರಾಳವಾಗಿ ಕೊಸರು ಸಿಕ್ಕಿತು.

ಸೆಲ್ವಂ ಆಟೋದಲ್ಲಿ ಮನೆಗೆ ಬಿಟ್ಟ. ಪಾತ್ರೆಯಲ್ಲಿದ್ದದ್ದನ್ನು ದಾರಿಯ ಹಳ್ಳಗಳು ಕುಡಿದವು.

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸ್ನಾನ ಅಲ್ಲೇ ಆಯ್ತಾ? ಸರಿ, ಕಾಫಿ?"

ಆ ದಿನ ನಾವು ಬ್ಲ್ಯಾಕ್ ಕಾಫಿ ಕುಡಿದೆವು. ಮುಂದಿನ ಮೂರು ದಿನ ಯಜಮಾನರೇ ಮಷೀನಿಗೆ ಹೋದರು, ಒಂದು ತೊಟ್ಟೂ ಚೆಲ್ಲದೆ! ಮನೆಯಲ್ಲಿ ನನ್ನ ಮಂಡಿ ಹೇಗಿದೆಯೆಂದು ಕೇಳುವವರಿಲ್ಲ. ಐದನೆಯ ದಿನ ಪ್ರತಿಜ್ಞೆ ಮುರಿದು ಮುನಿಯಮ್ಮನನ್ನು ಕರೆಯೋಣವೆಂದರೆ, ನಂಬರಿಲ್ಲ. ಮನೆ ಎಲ್ಲೆಂದೂ ಗೊತ್ತಿಲ್ಲ. ದಿನಾ ಬಾಗಿಲಿಗೇ ಬರುತ್ತಿದ್ದವಳ ವಿಳಾಸ ಯಾರು ಕೇಳುತ್ತಾರೆ? ಅವಳಿಗೆ ನನ್ನ ಮಂಡಿಯ ಇತಿಹಾಸವೇ ಗೊತ್ತಿತ್ತು. ನಾನು ಅವಳ ಹಸುವಿನ ಹೆಸರೂ ಕೇಳಿರಲಿಲ್ಲ.

ಸೆಲ್ವಂಗಾದರೂ ಗೊತ್ತಿರಬಹುದೆಂದು ಪಾತ್ರೆ ಹಿಡಿದು ಸರ್ಕಲ್ಲಿಗೆ ನಡೆದೆ. ಕ್ಯೂನಲ್ಲಿ ಮುಂದೆ ನಿಂತಿದ್ದವಳು ಮುನಿಯಮ್ಮ! ಕೈಯಲ್ಲಿ ಕ್ಯಾನಿಲ್ಲ, ಒಂದು ಪುಟ್ಟ ಪಾತ್ರೆ. ಕೊರಳಲ್ಲಿ ದಾರ ಕಟ್ಟಿದ ಕಾರ್ಡು.

"ಮುನಿಯಮ್ಮ, ನಾಳೆಯಿಂದ ಮನೆಗೆ..."

"ಅಸೂನ ಮಾರ್ಬುಟ್ಟೆ ಅಮ್ಮೋ. ನಾಳೆ ಕಾಮಸಮುದ್ರಕ್ಕೆ, ಮಗಳ ಮನೇಗೆ ಓಗ್ತೀನಿ. ಮಂಡಿ ಎಂಗೈತೆ?"

ತನ್ನ ಹಾಲು ಹಿಡಿದುಕೊಂಡು, ನನ್ನ ಕೈಯಿಂದಲೂ ಕಾರ್ಡ್ ಕಸಿದು ನೆಟ್ಟಗೆ ತೋರಿಸಿದಳು. "ಇಂಗೆ, ಅಗಲವಾಗಿ. ಮೂಲೆ ತೋರಿಸ್ಬಾರ್ದು." ನನ್ನ ಕೀರ್ತಿ ಅಲ್ಲಿಯವರೆಗೂ ಮುಟ್ಟಿತ್ತು! ಲೀಟರು ಬಿದ್ದು ನಿಂತ ಮೇಲೆ ತನ್ನ ಪಾತ್ರೆ ಬಾಗಿಸಿ, ನನ್ನದಕ್ಕೆ ಸಣ್ಣ ಧಾರೆಯೊಂದನ್ನು ಹುಯ್ದಳು.

ಕೊಸರು.

"ಬೇಗ, ಬೇಗ!" ಎಂದು ಕ್ಯೂ ಕೂಗಿತು. ನಾನು ಗಾಬರಿಯಲ್ಲಿ ಥ್ಯಾಂಕ್ ಯೂ ಎಂದೆ, ಬಹಳ ಸ್ಪಷ್ಟವಾಗಿ, ಕಾನ್ವೆಂಟಿನ ಉಚ್ಚಾರಣೆಯಲ್ಲಿ. ಮಷೀನಿಗೆ!

ತಿರುಗುವಷ್ಟರಲ್ಲಿ ಮುನಿಯಮ್ಮ ರಸ್ತೆ ದಾಟಿದ್ದಳು. ಪಾತ್ರೆಗೆ ಸೆರಗು ಮುಚ್ಚಿಕೊಂಡು ಹೋಗುತ್ತಿದ್ದ ಅವಳ ಬೆನ್ನು ಮಾತ್ರ ಕಂಡಿತು. ಅದೇ ಕೊನೆ.