ಬೆನ್ನಿನ ಸಾಕ್ಷಿ

ಒಂದು ಕುರ್ಚಿಗೆ ಮುದ್ರೆ ಒತ್ತುವ ಮೊದಲು ನಾಲ್ಕು ಗಂಟೆ ಅದರಲ್ಲಿ ಕೂತು ನೋಡುವ ಮನುಷ್ಯ, ಕಾರನ್ನು ಮಾತ್ರ ಎಂಟೇ ನಿಮಿಷದಲ್ಲಿ ಕೊಂಡುಬಿಟ್ಟ. ಎಲ್ಲ ತಾಪತ್ರಯದ ಬೇರು ಆ ಎಂಟು ನಿಮಿಷ.

ಅವನ ಕೆಲಸವೇ ಕೂರುವುದು. ಕುರ್ಚಿ ಕಾರ್ಖಾನೆಯಲ್ಲಿ ಹೊಸ ನಮೂನೆ ತಯಾರಾದರೆ ಮೊದಲು ಅದರ ಮೇಲೆ ಕೂರುವವನು ಅವನು. ಕೂತು, ಒರಗಿ, ಕಾಲು ನೀಡಿ, ಬರೆದು, ಸ್ವಲ್ಪ ತೂಕಡಿಸಿ, ಕೊನೆಗೆ ಎದ್ದು 'ಅಂಗೀಕೃತ' ಎಂಬ ಹಸಿರು ಮುದ್ರೆಯನ್ನೋ 'ತಿರಸ್ಕೃತ' ಎಂಬ ಕೆಂಪು ಮುದ್ರೆಯನ್ನೋ ಒತ್ತಬೇಕು. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ಆ ಕಾರ್ಖಾನೆಗೆ ಹದಿನಾಲ್ಕು ವರ್ಷದಿಂದ ಅವನ ಬೆನ್ನು ಹಾಗೆ. ಅಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು 'ಪರೀಕ್ಷಕರು'.

ಮೂರು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಊರೆಲ್ಲ ಮಲಗಿದ್ದಾಗ, ಖಾಲಿ ರಸ್ತೆಯಲ್ಲಿ ಅವನು ಆ ಕೆಂಪು ಕಾರನ್ನು ಎಂಟು ನಿಮಿಷ ಓಡಿಸಿ ನೋಡಿದ್ದ. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಮೈ, ರೊಚ್ಚಿಗೆದ್ದ ಹುಲಿಯ ಸದ್ದು. ನಲವತ್ತಾರು ವರ್ಷ ಯಾವುದನ್ನೂ ತನಗಾಗಿ ಬಯಸದೆ ಇದ್ದ ಎದೆಯಲ್ಲಿ ಅವತ್ತು ಏನೋ ಜಿಗಿದಿತ್ತು. "ದಿನಾ ಹೈವೇಲಿ ಹೋಗಿಬರೋಕೆ ಇದು ಸರಿಹೋಗುತ್ತಾ ರೀ?" ಎಂದು ಹೆಂಡತಿ ಒಂದೇ ಒಂದು ಸಲ ಕೇಳಿದ್ದಳು. "ಹೈವೇಗೇ ಹುಟ್ಟಿದ ಕಾರು ಕಣೇ ಇದು" ಎಂದಿದ್ದ ಅವನು. ಆಮೇಲೆ ಅವಳು ಮಾತಾಡಲಿಲ್ಲ. ಕೆಲವರ ಮೌನ ಒಪ್ಪಿಗೆ, ಅವಳದು ಕಾಯುವಿಕೆ.

ಹೈವೇಗೆ ಹುಟ್ಟಿದ ಕಾರು ಹೈವೇಯಲ್ಲಿ ಲಾರಿಗಳ ಹಿಂದೆ ತೆವಳಿತು. ಐವತ್ತೆಂಟು ಕಿಲೋಮೀಟರಿಗೆ ಒಂದೂವರೆ ಗಂಟೆ, ಬರುವಾಗ ಮತ್ತೆ ಒಂದೂವರೆ. ಓಟದ ಕುದುರೆಯನ್ನು ತಂದು ಗಾಣಕ್ಕೆ ಕಟ್ಟಿದ ಹಾಗೆ. ಮೂರನೇ ಗೇರಿನಾಚೆ ಏನಿದೆಯೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಕ್ಲಚ್ ತುಳಿದು ತುಳಿದು ಎಡಮೊಣಕಾಲು ಊದಿಕೊಂಡಿತು. ಕೂತ ಜಾಗದಿಂದ ಕಾಣುತ್ತಿದ್ದದ್ದು ಬರೀ ಲಾರಿಗಳ ಚಕ್ರ. ಪ್ರಪಂಚವನ್ನು ಇಷ್ಟು ಕೆಳಗಿನಿಂದ ನೋಡುವುದು ಇರುವೆಗೆ ಸರಿ. ಸೀಟಂತೂ ಹಲಗೆಗಿಂತ ಗಟ್ಟಿ. ರಸ್ತೆಯ ಒಂದೊಂದು ಕಲ್ಲೂ ನೇರವಾಗಿ ಬೆನ್ನುಮೂಳೆಗೇ ವರದಿ ಒಪ್ಪಿಸುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಕೇಳುವಳು: "ಕಾರು ಹೇಗಿತ್ತು?"

"ಚೆನ್ನಾಗಿತ್ತು."

ಮೂರು ತಿಂಗಳಿಂದ ಊಟದ ಮೇಜಿನಲ್ಲಿ ಇಬ್ಬರ ನಡುವೆ ಉಳಿದಿದ್ದದ್ದು ಇದೊಂದೇ ಪ್ರಶ್ನೆ, ಇದೊಂದೇ ಉತ್ತರ.

ಈ ದಿನ ಬೆಳಿಗ್ಗೆ ಮಾತ್ರ ಅವನ ಮುಖದಲ್ಲಿ ಸ್ವಲ್ಪ ಕಳೆಯಿತ್ತು. ಕಾರು ಮಾರಲು ಯಾರಿಗೂ ಹೇಳದೆ ಕೊಟ್ಟಿದ್ದ ಜಾಹೀರಾತು ನೋಡಿ ಒಬ್ಬ ಹಲ್ಲಿನ ಡಾಕ್ಟರು ಫೋನ್ ಮಾಡಿದ್ದರು. ಸಂಜೆ ಐದಕ್ಕೆ ಕಾರ್ಖಾನೆಯ ಗೇಟಿಗೇ ಬಂದು ನೋಡುತ್ತೇನೆ, ಒಪ್ಪಿಗೆಯಾದರೆ ಇವತ್ತೇ ಒಯ್ಯುತ್ತೇನೆ ಎಂದಿದ್ದರು. ಐದರವರೆಗೆ ಬೆನ್ನು ತಡೆದುಕೊಂಡರೆ ಸಾಕು.

ಏಕೆಂದರೆ ಬೆನ್ನಿನ ಮೇಲೆ ಕತ್ತಿ ತೂಗುತ್ತಿತ್ತು. ಕಾರು ಬಂದ ದಿನದಿಂದ ಯಾವ ಕುರ್ಚಿಯಲ್ಲಿ ಕೂತರೂ ಅವನಿಗೆ ನೋವು. ಮೂರು ತಿಂಗಳಲ್ಲಿ ಹದಿನಾರು ನಮೂನೆ, ಹದಿನಾರಕ್ಕೂ ಕೆಂಪು ಮುದ್ರೆ. ಇವತ್ತು ಹದಿನೇಳನೆಯದನ್ನು ಪರೀಕ್ಷಿಸುವಾಗ ಖುದ್ದು ಮಾಲೀಕರೇ ಎದುರು ನಿಲ್ಲುವವರಿದ್ದರು. ಬೆನ್ನು ಕೆಟ್ಟಿದೆಯೆಂದು ಅವರಿಗೆ ಗೊತ್ತಾದರೆ ಪರೀಕ್ಷಕನಿಗೆ ಉಗ್ರಾಣದಲ್ಲಿ ಮೊಳೆ ಎಣಿಸುವ ಕೆಲಸವೇ ಗತಿ.

ಮನೆಯ ಗೇಟಿನ ಬಳಿ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಎಂದಿನಂತೆ ಕಾದಿದ್ದರು. ಇವನು ಕಾರಿಗೆ ಇಳಿಯುವುದನ್ನು ನೋಡದಿದ್ದರೆ ಅವರಿಗೆ ಬೆಳಗಾಗುತ್ತಿರಲಿಲ್ಲ.

"ಹಾಂ, ಶುರು ಮಾಡಿ. ಒಂದು, ತಲೆ ಬಗ್ಗಿಸಿ! ಎರಡು, ಸೊಂಟ! ಮೂರು... ಏನ್ರೀ, ಎಡಗಾಲು ಹೊರಗೇ ಬಿಟ್ರಲ್ಲ! ಆರು... ಏಳು! ನಿನ್ನೆ ಐದೇ ಎಣಿಕೇಲಿ ಮುಗಿಸಿದ್ರಿ, ಇವತ್ತು ಏಳಾಯ್ತು."

"ಗುಡ್ ಮಾರ್ನಿಂಗ್ ಮೇಷ್ಟ್ರೇ."

"ಕಾರು ಯುವಕರದ್ದು, ಮಂಡಿ ಮುದುಕರದ್ದು. ಎಣ್ಣೆ ಹಾಕಿಸಿ, ಕಾರಿಗಲ್ಲ!"

ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಗಲಿಲ್ಲ.

ಅನಾಹುತ ಆದದ್ದು ಟೋಲ್‌ಗೇಟಿನಲ್ಲಿ. ಚೀಟಿ ಕೊಡುವ ಯಂತ್ರ ಮನುಷ್ಯರ ಎತ್ತರದ ಕಾರುಗಳಿಗೆ ಮಾಡಿದ್ದು. ಇವನು ದಿನವೂ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಗೂಡಿನಿಂದ ಕತ್ತು ನೀಡುವ ಹಕ್ಕಿಮರಿಯಂತೆ ಚೀಟಿ ಕಿತ್ತುಕೊಳ್ಳುತ್ತಿದ್ದ. ಇವತ್ತು ಚೀಟಿ ಕೈಗೆ ಬಂತು, ಬೆನ್ನು ಹಿಂದಕ್ಕೆ ಬರಲಿಲ್ಲ. ಸೊಂಟದಲ್ಲಿ ಏನೋ ಛಳಕ್ ಎಂದು ಹಿಡಿದುಕೊಂಡಿತು. ಹಿಂದಿನ ಲಾರಿಯವನು ಎರಡು ಸಲ ಹಾರ್ನ್ ಹೊಡೆದು, ಆಮೇಲೆ ತಲೆ ಹೊರಹಾಕಿದ.

"ಸ್ವಾಮೀ, ಒಳಗಾದ್ರೂ ಹೋಗಿ, ಹೊರಗಾದ್ರೂ ಬನ್ನಿ! ನಡುವೆ ನೇತಾಡ್ತಾ ಯಾಕಿದ್ದೀರಿ?"

ಹಲ್ಲು ಕಚ್ಚಿ ಒಳಗೆ ಬಿದ್ದ. ಉಳಿದ ದಾರಿಯನ್ನು ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ಕ್ರಮಿಸಿದ.

ಕಾರ್ಖಾನೆಯ ಅಂಗಳದಲ್ಲಿ ಕಾರು ನಿಂತಿತು, ಇವನು ಇಳಿಯಲಿಲ್ಲ. ಇಳಿಯಲಾಗಲಿಲ್ಲ. ಐದು ನಿಮಿಷ ನೋಡಿ ಹಿರಿಯ ಬಡಗಿ ಹತ್ತಿರ ಬಂದ. ಕಿವಿಯ ಹಿಂದೆ ಪೆನ್ಸಿಲು, ಹುಬ್ಬಿನ ಮೇಲೆ ಮರದ ಪುಡಿ, ಮಾತು ಕಡಿಮೆ. ಆ ಹದಿನಾರು ಕುರ್ಚಿಗಳನ್ನೂ ಮಾಡಿದ ಕೈ ಅವನದು. ಮೊದಮೊದಲು "ಎಲ್ಲಿ ಒತ್ತುತ್ತೆ ಹೇಳಿ ಸಾರ್" ಎಂದು ಕೇಳಿ ಕೇಳಿ ತಿದ್ದುತ್ತಿದ್ದ. ಇತ್ತೀಚೆಗೆ ಕೇಳುವುದನ್ನೂ ಬಿಟ್ಟಿದ್ದ. ಕೆಂಪು ಮುದ್ರೆ ಬಿದ್ದ ಕುರ್ಚಿಯನ್ನು ಎತ್ತಿಕೊಂಡು, ತೀರಿಹೋದ ಮಗುವನ್ನು ಒಯ್ಯುವವನಂತೆ ಸುಮ್ಮನೆ ಹೋಗುತ್ತಿದ್ದ.

"ಏನಾಯ್ತು ಸಾರ್?"

"ಏನಿಲ್ಲ. ಪೆನ್ನು ಬಿತ್ತು. ಹುಡುಕ್ತಿದ್ದೆ."

"ಪೆನ್ನು ಜೇಬಲ್ಲೇ ಇದೆಯಲ್ಲ."

"ಇದು ಇನ್ನೊಂದು."

ಬಡಗಿ ಹೆಚ್ಚು ಮಾತಾಡದೆ ಎರಡೂ ಕಂಕುಳಿಗೆ ಕೈಕೊಟ್ಟು, ಬಿಗಿದ ಮೊಳೆ ಕೀಳುವ ಹಾಗೆ ಅವನನ್ನು ಹೊರಗೆ ಕಿತ್ತ.

ಹತ್ತು ಗಂಟೆಗೆ ಮಾಲೀಕರು ಬಂದರು. ಅವರಿಗಿಂತ ಒಂದು ಕ್ಷಣ ಮುಂಚೆ ಅವರ ಹೊಟ್ಟೆ ಬಂತು. ಪರೀಕ್ಷಾ ಕೋಣೆಯ ನಡುವೆ ಹದಿನೇಳನೇ ಕುರ್ಚಿ ಕಾದಿತ್ತು. ತೇಗದ ಕಾಲು, ಸಣ್ಣಗೆ ಬಾಗಿದ ಬೆನ್ನು. ನೋಡಿದರೆ 'ಬಾ, ದಣಿದಿದ್ದೀಯ' ಎನ್ನುವಂತಿತ್ತು. ಪರೀಕ್ಷಕ ಏನು ಬಂದರೂ ಇದಕ್ಕೆ ಹಸಿರು ಮುದ್ರೆ ಒತ್ತುವುದೆಂದು ನಿಶ್ಚಯಿಸಿಕೊಂಡೇ ಕೂತ.

"ಅಯ್ಯಯ್ಯೋ!"

ಕೂಗು ಬಾಯಿಂದ ಹೊರಟ ಮೇಲೆ ಮುದ್ರೆ ಯಾವ ಬಣ್ಣದ್ದಾದರೇನು?

"ಹದಿನೇಳು!" ಎಂದರು ಮಾಲೀಕರು. "ಹದಿನೇಳು ಕುರ್ಚಿ ಕಣ್ರೀ ಪರೀಕ್ಷಕರೇ! ನಾನೂ ಕೂತು ನೋಡಿದ್ದೀನಿ, ನನ್ನ ಹೆಂಡತಿನೂ ಕೂತು ನೋಡಿದ್ದಾಳೆ. ನಮಗೆ ಯಾರಿಗೂ ಒತ್ತದೆ ಇರೋದು ನಿಮಗೊಬ್ಬರಿಗೇ ಒತ್ತುತ್ತಾ? ನಿಜ ಹೇಳಿ. ಕೆಟ್ಟಿರೋದು ಕುರ್ಚಿನೋ, ನಿಮ್ಮ ಬೆನ್ನೋ?"

ಬಡಗಿ ತಲೆ ಎತ್ತಿ ನೋಡಿದ. 'ಬೆನ್ನು' ಎಂಬ ಎರಡಕ್ಷರ ಪರೀಕ್ಷಕನ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತು, ಬಡಗಿಯ ಮಾನ ಉಳಿಯುತ್ತಿತ್ತು. ಅವನು ಅದನ್ನು ನುಂಗಿದ.

"ನನ್ನ ಬೆನ್ನಿಗೆ ಏನಾಗಿದೆ ಸಾರ್? ದಿನಾ ಮೂರು ಗಂಟೆ ನನ್ನ ಕಾರಲ್ಲಿ ಕೂರ್ತೀನಿ, ಒಂದು ದಿನ ಆದ್ರೂ ನೋವು ಅಂದಿದ್ದೀನಾ? ಸೀಟು ಅಂದ್ರೆ ಅದು. ಅದರಲ್ಲಿ ಕೂತು ರೂಢಿಯಾದ ಮೇಲೆ ಬೇರೆ ಯಾವ ಕುರ್ಚಿಯೂ ಹಿಡಿಸ್ತಾ ಇಲ್ಲ. ತಪ್ಪು ನನ್ನದಲ್ಲ, ನಮ್ಮ ಕಾರ್ಖಾನೆಯ ಮಟ್ಟದ್ದು."

ಒಂದು ಸುಳ್ಳು ಹೇಳಿದವನ ನಾಲಿಗೆ ಇಳಿಜಾರಿನ ಗಾಲಿ. ಆ ಸೀಟು ಸೊಂಟವನ್ನು ತಾಯಿಯಂತೆ ಹಿಡಿಯುತ್ತದೆ ಎಂದ. ಇಳಿಯಲು ಮನಸ್ಸೇ ಬರುವುದಿಲ್ಲ, ಈ ದಿನವೂ ಬೆಳಿಗ್ಗೆ ಎಷ್ಟು ಹೊತ್ತು ಇಳಿಯದೆ ಕೂತಿದ್ದೆ, ಬೇಕಾದರೆ ಬಡಗಿಯನ್ನೇ ಕೇಳಿ ಎಂದ.

ಮಾಲೀಕರ ಕಣ್ಣು ಹೊಳೆಯಿತು. ಎಲ್ಲರೂ ಅಂಗಳಕ್ಕೆ ಹೋದರು. ಮಾಲೀಕರು ಕಾರಿಗೆ ಇಳಿಯಲು ನೋಡಿದರು. ಸ್ಟೇರಿಂಗು ಅವರ ಹೊಟ್ಟೆಗೆ ಒಪ್ಪಲಿಲ್ಲ. ಏದುಸಿರು ಬಿಡುತ್ತ ಹಿಂದೆ ಸರಿದು, "ನೀನು ಕೂತು ನೋಡಪ್ಪ" ಎಂದು ಬಡಗಿಗೆ ಹೇಳಿದರು.

ಬಡಗಿ ಕೂತ. ಒರಗಿದ. ಅಂಗೈಯನ್ನು ಬೆನ್ನ ಹಿಂದೆ ತೂರಿಸಿ, ಮರದ ಗಂಟು ಹುಡುಕುವವನಂತೆ ಸೀಟನ್ನು ಮೇಲಿಂದ ಕೆಳಗೆ ಸವರಿದ. ಒಂದು ನಿಮಿಷವಾಯಿತು. ಗಾಜಿನೊಳಗಿಂದ ಪರೀಕ್ಷಕನ ಮುಖವನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಪರೀಕ್ಷಕ ಮುಖ ತಿರುಗಿಸಬೇಕಾಯಿತು.

ಹೊರಬಂದು ಹೇಳಿದ: "ಸಾರ್ ಹೇಳಿದ್ದು ನಿಜ. ಇಂಥ ಸೀಟು ನಾನು ಜನ್ಮದಲ್ಲಿ ಕಂಡಿಲ್ಲ."

ಪರೀಕ್ಷಕನಿಗೆ ಹೋದ ಜೀವ ಬಂದಂತಾಯಿತು. ಇವನ ಬಾಯಿಂದ ಸುಳ್ಳೇ? ಅಥವಾ ಇವನಿಗೆ ನಿಜವಾಗಿಯೂ ಹಿತವಾಯಿತೇ?

"ಒಂದು ಮಾತು ಸಾರ್" ಎಂದು ಬಡಗಿ ಮಾಲೀಕರತ್ತ ತಿರುಗಿದ. ವರ್ಷಕ್ಕಾಗುವಷ್ಟು ಮಾತನ್ನು ಅವನು ಒಮ್ಮೆಲೇ ಆಡಿದ. "ಇದನ್ನ ಬಿಚ್ಚಿ ಪರೀಕ್ಷಾ ಕೋಣೇಲಿ ಹಲಗೆ ಮೇಲೆ ಕೂರಿಸ್ತೀನಿ. ಪರೀಕ್ಷಕರು ಬೆಳಿಗ್ಗೆಯಿಂದ ಸಂಜೆವರೆಗೂ ಇದರಲ್ಲೇ ಕೂತು ಕೆಲಸ ಮಾಡ್ಲಿ. ಬೆನ್ನಿಗೆ ಇದರ ಅಳತೆ ಚೆನ್ನಾಗಿ ಕೂತುಬಿಡುತ್ತೆ. ಆಮೇಲೆ ನಾನು ಮಾಡೋ ಕುರ್ಚಿ ಇದಕ್ಕೆ ಸಮ ಬಂತೋ ಇಲ್ವೋ ಅಂತ ಅವರೇ ಹೇಳ್ಲಿ. ಸಮ ಬರೋವರೆಗೂ ಅವರು ಏಳೋದು ಬೇಡ."

"ಭಲೇ!" ಎಂದರು ಮಾಲೀಕರು. "ನಾಳೆಯಿಂದಲೇ ಶುರುವಾಗ್ಲಿ. ಇಷ್ಟು ವರ್ಷ ಈ ಬುದ್ಧಿ ಎಲ್ಲಿಟ್ಟಿದ್ದೆ ಮಾರಾಯ?"

"ಸಾರ್, ಅದು... ನಾನು ಮನೆಗೆ ಹೋಗಬೇಕಲ್ಲ" ಎಂದ ಪರೀಕ್ಷಕ. ಐದು ಗಂಟೆಯ ಹಲ್ಲಿನ ಡಾಕ್ಟರು ಅವನ ಕಣ್ಣ ಮುಂದೆ ಕರಗುತ್ತಿದ್ದರು.

"ಕಾರಿಗೆ ಹದಿನೇಳನೇ ಕುರ್ಚಿ ಇದೆಯಲ್ಲ ಸಾರ್" ಎಂದ ಬಡಗಿ ಮೆಲ್ಲಗೆ. "ಕಾಲು ಕೊಯ್ದು ಅದೇ ಬೋಲ್ಟಿಗೆ ಬಿಗೀತೀನಿ. ಹೇಗೂ ತಿರಸ್ಕೃತ."

ಮೂರು ಗಂಟೆಗೆ ಸೀಟು ಹೊರಬಂತು. ನಾಲ್ಕೂವರೆಗೆ ಕುರ್ಚಿ ಒಳಹೋಯಿತು. ಐದಕ್ಕೆ ಸರಿಯಾಗಿ ಹಲ್ಲಿನ ಡಾಕ್ಟರು ಬಂದರು. ಕೆಂಪು ಬಣ್ಣ ನೋಡಿ ಮುಗುಳ್ನಕ್ಕರು, ಬಾಗಿಲು ತೆಗೆದರು, ಬಗ್ಗಿದರು. ಹುಳುಕು ಹಲ್ಲು ಕಂಡವರಂತೆ ಅಲ್ಲೇ ನಿಂತರು.

"ಇದೇನ್ರೀ ಇದು? ಜಾಹೀರಾತಲ್ಲಿ ಸ್ಪೋರ್ಟ್ಸ್ ಕಾರು ಅಂದಿದ್ರಿ. ಒಳಗೆ ಊಟದ ಮನೆ ಇಟ್ಟಿದ್ದೀರಿ!"

"ಡಾಕ್ಟ್ರೇ, ಅದು ತಾತ್ಕಾಲಿಕ..."

"ಹಲ್ಲುನೋವಿಗೆ ಬರೋರೆಲ್ಲ ನನಗೆ ಇದನ್ನೇ ಹೇಳೋದು" ಎಂದು ಅವರು ಬಾಗಿಲು ಮುಚ್ಚಿ ಹೊರಟೇ ಹೋದರು.

ಅಂಗಳ ಖಾಲಿಯಾಗಿತ್ತು. ಬಡಗಿ ಕೊನೆಯ ಬೋಲ್ಟನ್ನು ಇನ್ನೊಮ್ಮೆ ಬಿಗಿದು, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿಕೊಂಡ.

"ಒಂದೇ ನಿಮಿಷ ಕೂತೆ ಸಾರ್, ಆ ಸೀಟಲ್ಲಿ" ಎಂದ. "ಎಲ್ಲ ಅರ್ಥ ಆಯ್ತು. ಹದಿನಾರೂ ಅರ್ಥ ಆಯ್ತು."

ಪರೀಕ್ಷಕ ಜೇಬಿನಲ್ಲಿ ಕಾರಿನ ಕೀಲಿ ಹುಡುಕತೊಡಗಿದ.

"ಮಾಲೀಕರಿಗೆ ನಾನು ಹೇಳಲ್ಲ. ನಾನು ಯಾಕೆ ಹೇಳಲಿ? ಹೇಳಬೇಕಾದವರು ನೀವು." ಜೇಬಿನಿಂದ ಒಂದು ವರದಿಯ ಹಾಳೆ ತೆಗೆದು ಅವನ ಕೈಗಿಟ್ಟ. "ಹದಿನೇಳರ ಮರುಪರೀಕ್ಷೆ. ಒಂದೂವರೆ ಗಂಟೆ ಕೂತ್ಕೊಂಡು ಹೋಗ್ತೀರಿ. ಬೆನ್ನು ಏನು ಹೇಳುತ್ತೋ ಅದನ್ನೇ ಬರೆದು ನಾಳೆ ತನ್ನಿ."

ಆ ಸಂಜೆ ಹೈವೇಯಲ್ಲಿ ಒಂದು ವಿಚಿತ್ರ ನಡೆಯಿತು. ಕುರ್ಚಿ ಎತ್ತರವಿದ್ದುದರಿಂದ ಅವನ ತಲೆ ಚಾವಣಿಗೆ ತಾಕುತ್ತಿತ್ತು. ಆದರೆ ಮೂರು ತಿಂಗಳಲ್ಲಿ ಮೊದಲ ಸಲ ಅವನಿಗೆ ಲಾರಿಯ ಚಕ್ರಗಳ ಬದಲು ಪಕ್ಕದ ಹೊಲ ಕಂಡಿತು, ಆಕಾಶ ಕಂಡಿತು. ಬೆಳಿಗ್ಗೆ ಹಿಡಿದುಕೊಂಡಿದ್ದ ಸೊಂಟ, ಅಳುವ ಮಗು ತೊಟ್ಟಿಲಲ್ಲಿ ಸುಮ್ಮನಾದ ಹಾಗೆ ಮೆಲ್ಲಮೆಲ್ಲಗೆ ಸುಮ್ಮನಾಯಿತು. ಟೋಲ್‌ಗೇಟಿನ ಯಂತ್ರ ತಾನಾಗಿ ಕೈಗೆ ಎಟಕಿತು. ಆ ಕುರ್ಚಿ ಅಷ್ಟು ಚೆನ್ನಾಗಿತ್ತು. ಪ್ರಾಯಶಃ ಹದಿನಾರನೆಯದೂ ಚೆನ್ನಾಗಿತ್ತು. ಹದಿನೈದನೆಯದೂ. ಮೊದಲನೆಯದೂ.

ಮನೆಯ ಗೇಟಿನ ಬಳಿ ಡ್ರಿಲ್ ಮೇಷ್ಟ್ರು ಎಣಿಸಲು ಬಾಯಿ ತೆರೆದರು. 'ಒಂದು' ಎನ್ನುವಷ್ಟರಲ್ಲಿ ಅವನು ಹೊರಗೆ ನಿಂತಿದ್ದ. ತೆರೆದ ಬಾಯಿ ಮುಚ್ಚುವುದನ್ನು ಮರೆತು ಮೇಷ್ಟ್ರು ಒಳಗೆ ಹೋದರು.

"ಕಾರು ಹೇಗಿತ್ತು?" ಎಂದಳು ಹೆಂಡತಿ.

"ತುಂಬಾ ಚೆನ್ನಾಗಿತ್ತು ಕಣೇ. ನಿಜವಾಗಲೂ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಮೂರು ತಿಂಗಳಿಂದ ನಿಮ್ಮ ದಿಂಬು ನೋವಿನ ಮುಲಾಮು ನಾರುತ್ತಿದೆ. ಇನ್ನಾದರೂ ಸುಳ್ಳು ಹೇಳೋದು ಬಿಡಿ" ಎಂದು ಅಡುಗೆಮನೆಗೆ ಹೋದಳು.

ಅವನು ಮೇಜಿನ ಮುಂದೆ ಕೂತು ಹಾಳೆ ಬಿಡಿಸಿದ. 'ನಮೂನೆ: ಹದಿನೇಳು. ಅವಧಿ: ಒಂದೂವರೆ ಗಂಟೆ. ಅಭಿಪ್ರಾಯ:' ಅಷ್ಟರವರೆಗೆ ಬಡಗಿಯೇ ದುಂಡಗೆ ಬರೆದಿದ್ದ. ಹಿತವೆಂದು ಬರೆದರೆ ಬೆಳಗಿನ ಆ ಕೂಗಿಗೆ ಯಾರನ್ನು ಹೊಣೆ ಮಾಡುವುದು? ಹದಿನಾರು ಕೆಂಪು ಮುದ್ರೆಗಳಿಗೆ? ಉಗ್ರಾಣ, ಮೊಳೆ ಡಬ್ಬಗಳು ಕಣ್ಣಿಗೆ ಕಟ್ಟಿದವು. ಹಿತವಿಲ್ಲವೆಂದು ಬರೆದರೆ ನಾಳೆಯಿಂದ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆವರೆಗೆ, ಕಲ್ಲಿನಂಥ ಆ ಸೀಟಿನಲ್ಲಿ, ಅದಕ್ಕೆ ಸಮನಾದ ಕುರ್ಚಿ ಹುಟ್ಟುವವರೆಗೆ.

ತುಂಬಾ ಹೊತ್ತು ಪೆನ್ನು ಹಿಡಿದೇ ಇದ್ದ. ಒಳಗೆ ಪಾತ್ರೆಯ ಸದ್ದೂ ನಿಂತಿತ್ತು.

ಕೊನೆಗೆ ಬರೆದ: 'ಬೆನ್ನಿಗೆ ತೀವ್ರ ನೋವು. ತಿರಸ್ಕೃತ.'

ಸಹಿ ಹಾಕಿ, ಹಾಳೆ ಮಡಚಿ, ಎದ್ದು ನಿಂತ. ಬೆನ್ನು ಒಂದಿಷ್ಟೂ ನೋಯಲಿಲ್ಲ.