ಎಡಗಡೆ ಮೂರನೆಯ ಕಿಟಕಿಯ ಮಹಾಸಮರ

ಕೃತಯುಗವು ತಪಸ್ಸಿನಲ್ಲಿ ಕಳೆದು, ತ್ರೇತೆಯು ಸೇತುವೆ ಕಟ್ಟುವುದರಲ್ಲಿ ತೀರಿ, ದ್ವಾಪರವು ಐದು ಊರುಗಳ ಜಗಳಕ್ಕೆ ಹದಿನೆಂಟು ಅಕ್ಷೋಹಿಣಿಯನ್ನು ಉರಿಸಿ ಬೂದಿಯಾದ ಮೇಲೆ, ಕಲಿಯುಗದ ಗರ್ಭದಲ್ಲಿ ‘ಒಂದು ದಿನ, ಏಳು ಸ್ಥಳ, ಊಟ ಸೇರಿ’ ಎಂಬ ಉಪಯುಗವೊಂದು ಅವತರಿಸಿತು. ಎರಡು ತೋಳುಗಳಿಂದ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ, ಕೋಟೆ ಕಟ್ಟಿದವರನ್ನು ಕಂಡ, ಕೋಟೆ ಕೆಡವಿದವರನ್ನೂ ಕಂಡ, ಈಗ ಆ ಕೋಟೆಗೆ ಬೆನ್ನು ಹಾಕಿ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುವವರನ್ನೂ ಸಹಿಸುತ್ತಿರುವ ತಾಯಿ ಕಾವೇರಿಯೇ, ನಿನಗೆ ನಮಸ್ಕಾರ. ನಿನ್ನ ದಡದ ಯುದ್ಧಗಳನ್ನು ಬರೆದವರು ಬಹಳ ಮಂದಿ. ಅವರೆಲ್ಲರ ಲೇಖನಿಯಿಂದ ತಪ್ಪಿಸಿಕೊಂಡ ಒಂದು ಯುದ್ಧ ಉಳಿದಿದೆ. ಅದರ ನಾಯಕನನ್ನು ಹರಸು. ಹರಸಲು ಮನಸ್ಸಾಗದಿದ್ದರೆ ನಗಬೇಡ.

ಆತನೇ ತಿಪಟೂರಿನ ಮುದ್ದುವೀರಪ್ಪ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದ ವರ್ನಿಯರ್‌ಮಾಪಕಧುರಂಧರ, ಲಾಗರಿದಮ್‌ಕೋಷ್ಟಕಕಂಠೀರವ, ಮೂರು ದಶಮಾಂಶದವರೆಗೂ ದಯೆ ತೋರದ ಮಹಾನುಭಾವ. ಇಂಥವನಿಗೂ ಒಂದು ಕಳಂಕವಿತ್ತು. ಮೂವತ್ತನಾಲ್ಕು ವರ್ಷಗಳ ಹಿಂದೆ, ಮದುವೆಯಾದ ಹೊಸತರಲ್ಲಿ, ಪತ್ನಿ ಗಂಗಾಂಬಿಕೆಯೊಡನೆ ಇದೇ ಪಟ್ಟಣದ ಸಂಗಮಕ್ಕೆ ಬಂದಾಗ, ದಡದಲ್ಲೇ ನಿಂತು ತೆಪ್ಪದ ಗುರುತ್ವಕೇಂದ್ರವನ್ನು ಲೆಕ್ಕ ಹಾಕಿ, “ಇದು ಮಗುಚುತ್ತೆ” ಎಂದು ತೀರ್ಪಿತ್ತು ಹಿಂದಿರುಗಿದ್ದ. ಆ ತೆಪ್ಪ ಹದಿನಾಲ್ಕು ಜನರನ್ನು ಹೊತ್ತು ಸುಖವಾಗಿ ಹೋಗಿ ಬಂದದ್ದನ್ನು ಗಂಗಾಂಬಿಕೆ ನೋಡಿದ್ದಳು. ಆಕೆ ಮರೆಯುವ ಪೈಕಿಯಲ್ಲ. ಈಗ ಅದೇ ಸಂಗಮಕ್ಕೆ ಮತ್ತೆ ಟೂರು ಗೊತ್ತಾಗಿತ್ತು.

“ಈ ಸಲ ನಾನು ತೆಪ್ಪ ಹತ್ತೋದು ಹತ್ತೋದೇ. ನೀವೂ ಜೊತೇಲಿ. ಲೆಕ್ಕ ಗಿಕ್ಕ ಅಂದ್ರೆ ನೋಡಿ ಮತ್ತೆ!”

“ಹತ್ತುತೀನಿ ಕಣೇ. ಮಾತು ಕೊಟ್ಟೆ.”

ಮಾತು ಕೊಟ್ಟ ವೀರ ಅಂದೇ ನಕಾಶೆ ಹರಡಿ ಕುಳಿತ. ಬಸ್ಸು ಮೈಸೂರಿನಿಂದ ಉತ್ತರಕ್ಕೆ ಹೊರಡುವುದು ಬೆಳಗ್ಗೆ, ಆಗ ಸೂರ್ಯ ಬಲಕ್ಕೆ. ದಕ್ಷಿಣಕ್ಕೆ ಮರಳುವುದು ಸಂಜೆ, ಆಗಲೂ ಸೂರ್ಯ ಬಲಕ್ಕೆ. ಆದ್ದರಿಂದ ಎಡಬದಿ. ಚಕ್ರದ ಕುಲುಕಾಟ ತಟ್ಟದಂತೆ ಮೂರನೆಯ ಸಾಲು. ನದಿ ನೋಡಲು ಕಿಟಕಿ. ಸೇತುವೆಯ ಮೇಲೆ ನದಿ ಎರಡೂ ಬದಿಗೆ ಕಾಣುತ್ತದೆಂಬ ಸಂಗತಿ ಲೆಕ್ಕದಲ್ಲಿ ಸೇರಿರಲಿಲ್ಲ.

ಅರುಣೋದಯವಾಯಿತು. ಟೂರಿನ ಬಸ್ಸು ಬಂದು ನಿಲ್ಲುವ ಮುನ್ನವೇ ಮುದ್ದುವೀರಪ್ಪ ಪೂರ್ವಿಕರ ಅಸ್ತ್ರವಿದ್ಯೆಯನ್ನು ಸ್ಮರಿಸಿ, ನೀಲಿ ಚೌಕಳಿಯ ಕರ್ಚೀಫನ್ನು ಮಡಚಿ, ಗಾಳಿಯ ವೇಗವನ್ನು ಅಂದಾಜು ಮಾಡಿ, ಎಡಗಡೆ ಮೂರನೆಯ ಕಿಟಕಿಯೊಳಕ್ಕೆ ಪ್ರಯೋಗಿಸಿದ. ಅದೇ ಕ್ಷಣದಲ್ಲಿ, ಪಕ್ಕದಿಂದ ಹಾರಿದ ಭೀಮಾಕಾರದ ಕೆಂಪಂಚಿನ ಹೆಗಲ ವಸ್ತ್ರವೊಂದು ಗರುಡನು ಗುಬ್ಬಿಯ ಮೇಲೆ ಎರಗುವಂತೆ ಅದರ ಮೇಲೆ ಹರಡಿಕೊಂಡಿತು.

ಅದರ ಒಡೆಯ ಗದಗಿನ ಈರಬಸಪ್ಪ. ನಿವೃತ್ತ ಪೋಸ್ಟ್‌ಮಾಸ್ತರ, ಮುದ್ರಾಪ್ರಹಾರಪ್ರಚಂಡ, ರಿಜಿಸ್ಟರ್ಡ್‌ಲಕೋಟೆರಕ್ಷಕ. ಜೊತೆಗೆ ಬುತ್ತಿಗಂಟು ಹಿಡಿದ ಪತ್ನಿ ನೀಲವ್ವ. ಮುದ್ದುವೀರಪ್ಪ ಮೊದಲು ಹತ್ತಿ, ವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ ಎದುರು ಸಾಲಿಗೆ ದಾಟಿಸಿ, ಕುಳಿತ. ಬಸ್ಸು ಹೊರಟಿತು.

ಮೊದಲ ಸ್ಥಳ ರಂಗನಾಥನ ಗುಡಿ. ನಾಯಕನು ಕರ್ಚೀಫನ್ನು ಸೀಟಿನ ಮೇಲೆ ಕಾವಲಿಟ್ಟು ಇಳಿದ. ದರ್ಶನ ಮುಗಿಸಿ ಬರುವಷ್ಟರಲ್ಲಿ ಸಾಮ್ರಾಜ್ಯ ಹೋಗಿತ್ತು. ಕಿಟಕಿಗೆ ಆತು ಈರಬಸಪ್ಪ ಕುಳಿತಿದ್ದ. ಕರ್ಚೀಫು ಕೆಳಗೆ ಬಿದ್ದಿತ್ತು.

“ಸ್ವಾಮಿ,” ಎಂದು ಮುದ್ದುವೀರಪ್ಪ ಗುಡುಗಿದ. “ಈ ಆಸನವನ್ನು ನಾನು ಸೂರ್ಯನ ಚಲನೆ ಗುಣಿಸಿ ಆರಿಸಿದವನು. ನನ್ನ ಕರ್ಚೀಫು ಇನ್ನೂ ಇಲ್ಲೇ ಬಿದ್ದಿದೆ, ನೋಡಿ ಸಾಕ್ಷಿ. ಏಳಿ!”

“ನೋಡ್ರಿ ಸರ,” ಈರಬಸಪ್ಪ ಮೀಸೆ ತೀಡಿದ. “ನಮ್ಮ ಗದಗ ಸ್ಟ್ಯಾಂಡಿನ್ಯಾಗ ವಸ್ತ್ರ ಹಾಸಿದ ಸೀಟಿಗೆ ಡಿ.ಸಿ. ಸಾಹೇಬ್ರು ಬಂದ್ರೂ ಕೈ ಹಚ್ಚಂಗಿಲ್ಲ. ನೀವು ಅದನ್ನ ಇಲಿ ಎತ್ತಿದಂಗ ಎತ್ತಿ ಒಗದ್ರಿ. ನಿಮ್ಮ ಕರ್ಚೀಫ್ ಏನೈತಿ, ಮೂಗು ಒರಸೂದು. ನಮ್ಮ ವಸ್ತ್ರ ಅಂದ್ರ ಮರ್ಯಾದಿ!”

ಗೈಡ್ ಸಿಂಗ್ರಿಯನ್ನು ಧರ್ಮಪೀಠಕ್ಕೆ ಕರೆಯಲಾಯಿತು. ಇಪ್ಪತ್ತು ವರ್ಷ ಇಂಥ ಮೊಕದ್ದಮೆ ಕೇಳಿ ಬೇಸತ್ತ ಆತ, “ಇಳಿದೋರಿಗೆ ಸೀಟಿಲ್ಲ, ಕೂತೋರಿಗೆ ಸೀಟು. ನಡೀರಿ, ದರಿಯಾ ದೌಲತ್ತಿಗೆ ಲೇಟಾಯ್ತು,” ಎಂದ. ಅಂದಿನಿಂದ, ಅಂದರೆ ಬೆಳಗಿನ ಒಂಬತ್ತೂಕಾಲಿನಿಂದ, ಅದೇ ರಾಜಶಾಸನವಾಯಿತು.

ದರಿಯಾ ದೌಲತ್ತಿನಲ್ಲಿ ಈರಬಸಪ್ಪ ಒಂದು ತಪ್ಪು ಮಾಡಿದ: ಕಾಫಿ ಕುಡಿಯಲು ಎದ್ದ. ಅರಮನೆಯ ಗೋಡೆಯ ಮೇಲೆ ಬಣ್ಣದ ಆನೆ ಕುದುರೆಗಳು ಯುದ್ಧ ಮಾಡುತ್ತಿರಲು, ಪ್ರವಾಸಿಗರೆಲ್ಲ ಅದನ್ನು ಬಾಯಿ ತೆರೆದು ನೋಡುತ್ತಿರಲು, ಮುದ್ದುವೀರಪ್ಪ ಖಾಲಿ ಬಸ್ಸಿನೊಳಗೆ ನುಸುಳಿ ಸಿಂಹಾಸನವನ್ನು ರಕ್ತಪಾತವಿಲ್ಲದೆ ಮರಳಿ ಪಡೆದ. ಮೇಲೆ ಹೇಳಿದ ಶಾಸನವೇ ಆತನ ಗುರಾಣಿ. ಮುಂದೆ ಇಬ್ಬರೂ ಇಳಿಯಲಿಲ್ಲ. ಒಬ್ಬ ಕಿಟಕಿ ಕಾದ. ಇನ್ನೊಬ್ಬ ಎದುರು ಸಾಲಿನಲ್ಲಿ ಕುಳಿತು, ಕಿಟಕಿ ಕಾಯುವವನನ್ನು ಕಾದ. ಗುಂಬಜ್ ಬಂತು, ಹೋಯಿತು. ನಿಮಿಷಾಂಬೆಯ ಗುಡಿ ಬಂತು, ಹೋಯಿತು. ಪತ್ನಿಯರಿಬ್ಬರು ಬೇರೆ ದಾರಿ ಕಾಣದೆ ಜೊತೆಯಾಗಿ ಇಳಿದು, ಜೊತೆಯಾಗಿ ಹತ್ತಿ, ಚಕ್ಕುಲಿ ಹಂಚಿಕೊಂಡು, ಅವರವರ ಗಂಡಂದಿರ ವಿಷಯದಲ್ಲಿ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು.

ಆಗ ನಾಯಕನಿಗೆ ಒಂದು ಕಠೋರ ಸತ್ಯ ಹೊಳೆಯಿತು. ಆತನ ಲೆಕ್ಕವೆಲ್ಲ ಓಡುವ ಬಸ್ಸಿಗೆ. ನಿಂತ ಬಸ್ಸಿಗಲ್ಲ. ನಿಂತಾಗ ಇಳಿದು ನೋಡುತ್ತೇನೆಂದು ಭಾವಿಸಿದ್ದ ಸರಳ ಮನುಷ್ಯ ಅವನು. ಮಧ್ಯಾಹ್ನ ಎರಡೂವರೆಗೆ ಸಂಗಮದಲ್ಲಿ ಡ್ರೈವರ್ ಬಸ್ಸಿನ ಮೂತಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದ, ಎಡಬದಿ ಪಡುವಣಕ್ಕಾಯಿತು, ಸೂರ್ಯ ನೇರವಾಗಿ ಮೂರನೆಯ ಕಿಟಕಿಯಿಂದ ಒಳಗೆ ಬಂದು ಮುದ್ದುವೀರಪ್ಪನ ಕಿವಿಯನ್ನು ಸುಡತೊಡಗಿದ. ಕಿಟಕಿಯ ಗಾಜು ಸರಿಯಲೂ ಇಲ್ಲ. ಎದುರು ಸಾಲಿನಲ್ಲಿ ಈರಬಸಪ್ಪ ತಂಪಾಗಿ ಕುಳಿತು ಅಸೂಯೆಯಿಂದ ಬೇಯುತ್ತಿದ್ದ.

ಗಂಗಾಂಬಿಕೆ ಎದ್ದಳು. “ಏಳಿ. ಸಂಗಮ ಬಂತು. ತೆಪ್ಪ.”

ಮುದ್ದುವೀರಪ್ಪ ಕಿಟಕಿ ನೋಡಿದ. ಪತ್ನಿಯನ್ನು ನೋಡಿದ. ವೈರಿಯ ಮೀಸೆ ನೋಡಿದ. “ನೀನು ನಡಿ. ಎರಡೇ ನಿಮಿಷ, ಬಂದೆ.”

“ಮೂವತ್ತನಾಲ್ಕು ವರ್ಷದ ಹಿಂದೇನೂ ಇದೇ ಎರಡು ನಿಮಿಷ ಕಣ್ರೀ.” ಆಕೆ ಸ್ವರ ಏರಿಸಲಿಲ್ಲ. “ಆ ಕರ್ಚೀಫ್ ಕೊಡಿ ಇಲ್ಲಿ, ತಲೆಗೆ ಹಾಕ್ಕೋತೀನಿ. ಸೀಟಿಗೆ ನೀವೇ ಇದೀರಲ್ಲ.”

“ಬರ್ರಿ ಅಕ್ಕಾರ,” ನೀಲವ್ವ ಕೈ ಹಿಡಿದಳು. “ಇವು ಎರಡೂ ಸೀಟಿಗೆ ಮೊಳೆ ಹೊಡದಂಗ ಕುಂತಾವು. ನಾವರ ತಿರುಗೂಣು.”

ಅವರು ಹೋದರು. ಪತ್ನಿಯ ತಲೆಯ ಮೇಲಿನ ನೀಲಿ ಚೌಕಳಿ ಮೆಟ್ಟಿಲಿಳಿದು ಮರೆಯಾಗುವುದನ್ನು ನೋಡಿದ ನಾಯಕನ ಎದೆಯಲ್ಲಿ, ಭೌತಶಾಸ್ತ್ರದಲ್ಲಿ ಅಳತೆಯ ಏಕಮಾನವಿಲ್ಲದ ಯಾವುದೋ ಒಂದು ಒತ್ತಡ ಉಂಟಾಯಿತು. ಕೊನೆಗೆ ಆತ ಹಿಂದೆಂದೂ ಯಾವ ವೀರನೂ ಮಾಡದ ಕೆಲಸ ಮಾಡಿದ: ಸಂಧಿಗೆ ಕೈ ಚಾಚಿದ.

“ಈರಬಸಪ್ಪನವರೇ, ಇಬ್ಬರೂ ಒಟ್ಟಿಗೆ ಇಳಿಯೋಣ. ಸೀಟು ಖಾಲಿ ಇರಲಿ. ಒಪ್ಪಿಗೇನಾ?”

ಈರಬಸಪ್ಪ ಅನುಮಾನದಿಂದ ನೋಡಿದ. “ಒಪ್ಪಿಗಿ. ನಾವೂ ಹೊಳಿ ನೋಡಾಕ ಬಂದವರ.”

ಹೀಗೆ ಶಾಂತಿ ನೆಲೆಸಿತು. ನಡುದಾರಿಯ ಏಳು ಹೆಜ್ಜೆಯಷ್ಟು ದೂರ. ಬಸ್ಸಿಗೆ ಇದ್ದದ್ದು ಒಂದೇ ಬಾಗಿಲು. ಅದರಲ್ಲಿ ಒಮ್ಮೆಗೆ ಒಬ್ಬನೇ ಹಿಡಿಯುತ್ತಿದ್ದ.

“ನೀವು ಇಳೀರಿ,” ಎಂದ ಮುದ್ದುವೀರಪ್ಪ, ಸೌಜನ್ಯದಿಂದ.

“ಛೇ ಛೇ, ಹಿರಿಯರು ಮೊದಲ.”

“ನಮ್ಮೂರಿಗೆ ಹತ್ತಿರದ ಜಾಗ ಇದು. ಅತಿಥಿಗಳು ನೀವು, ಮೊದಲು ನೀವೇ ಇಳೀಬೇಕು.”

“ಮಾಸ್ತರಿಗೆ ಬೆನ್ನು ತೋರಿಸಿ ಹೋಗೂದು ನಮ್ಮ ಕಡೆ ರಿವಾಜಿಲ್ಲರಿ.”

ಮೊದಲು ಇಳಿದವನ ಬೆನ್ನ ಹಿಂದೆ ಇನ್ನೊಬ್ಬ ತಿರುಗಿ ಓಡಿದರೆ? ಶಾಸನ ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ, ವಿನಯವೆಂಬ ಬ್ರಹ್ಮಾಸ್ತ್ರವನ್ನು ಪರಸ್ಪರ ಪ್ರಯೋಗಿಸುತ್ತ, ಕೈ ಮುಗಿಯುತ್ತ, ದಾರಿ ಬಿಡುತ್ತ, ಒಬ್ಬರ ತೋಳನ್ನು ಒಬ್ಬರು ಹೊರಕ್ಕೆ ನೂಕುತ್ತ, ಇಬ್ಬರು ಮಹಾರಥಿಗಳು ಮೆಟ್ಟಿಲಿನ ಮೇಲೆ ನಲವತ್ತು ನಿಮಿಷ ಹೋರಾಡಿದರು. ದೂರದಲ್ಲಿ ತೆಪ್ಪವೊಂದು ನೀರಿನ ಮೇಲೆ ಗಿರಗಿರ ಸುತ್ತುತ್ತಿತ್ತು. ಅದರಲ್ಲಿ ಇಬ್ಬರು ಹೆಂಗಸರು ಕಿರುಚಿ ನಗುತ್ತಿದ್ದರು. ಒಬ್ಬಳ ತಲೆಯ ಮೇಲೆ ನೀಲಿ ಬಟ್ಟೆ.

ಅದು ಮಗುಚಲಿಲ್ಲ. ಮುದ್ದುವೀರಪ್ಪ ಕೊನೆಯವರೆಗೂ ನೋಡಿದ.

ನೆರಿಗೆ ಒದ್ದೆ ಮಾಡಿಕೊಂಡು ಪತ್ನಿಯರು ಬಂದರು. “ಸರೀರಿ,” ಎಂದು ಇಬ್ಬರನ್ನೂ ಬಾಗಿಲಿಗೆ ಒತ್ತಿ, ಮೇಲೆ ಹತ್ತಿ, ನೇರವಾಗಿ ನಡೆದು, ಎಡಗಡೆ ಮೂರನೆಯ ಸಾಲಿನಲ್ಲಿ ಕುಳಿತರು. ಕಿಟಕಿಗೆ ನೀಲವ್ವ, ಪಕ್ಕಕ್ಕೆ ಗಂಗಾಂಬಿಕೆ.

“ಅದು ನನ್ನ...” ಎಂದ ಮುದ್ದುವೀರಪ್ಪ.

“ಅದು ನಮ್ಮ...” ಎಂದ ಈರಬಸಪ್ಪ.

“ಕೂತೋರಿಗೆ ಸೀಟು,” ಎಂದಳು ಗಂಗಾಂಬಿಕೆ. “ರಂಗನತಿಟ್ಟು ಆಗಿ ಮೈಸೂರಿಗೆ ಹೋಗೋವರೆಗೂ ನಾವು ಇಲ್ಲೇ. ಮಾತಾಡೋದು ಬಹಳ ಇದೆ.”

ಎದುರು ಸಾಲನ್ನು ಅಷ್ಟರಲ್ಲಿ ಅವರ ಹಿಂದೆಯೇ ನುಗ್ಗಿದ ಬೇರೆಯವರು ಹಿಡಿದಿದ್ದರು. “ಬಾಗ್ಲಲ್ಲಿ ನಿಂತಿರೋ ಯಜಮಾನ್ರು ಹಿಂದಕ್ಕೆ ಹೋಗ್ರಪ್ಪಾ!” ಎಂದು ಸಿಂಗ್ರಿ ಸೀಟಿ ಊದಿದ. ಉಳಿದದ್ದು ಕೊನೆಯ ಉದ್ದ ಸೀಟಿನ ನಡುಭಾಗ. ಮುಂದೆ ಸ್ಟೆಪ್ನಿ, ಕೆಳಗೆ ಚಕ್ರ, ಕಿಟಕಿ ಇಲ್ಲ. ಅಕ್ಕಪಕ್ಕ ಕುಳಿತ ಇಬ್ಬರೂ ಮೊದಲ ಹಳ್ಳದಲ್ಲೇ ಒಟ್ಟಿಗೆ ಎಗರಿ ಒಟ್ಟಿಗೆ ಬಿದ್ದರು.

“ಏನೇನ್ ನೋಡಿದ್ರಿ ಇವತ್ತು?” ಎಂದು ಈರಬಸಪ್ಪ ಕೇಳಿದ.

“ನಿಮ್ಮನ್ನ,” ಎಂದ ಮುದ್ದುವೀರಪ್ಪ.

ಆಗ ಮೂರನೆಯ ಸಾಲಿನಿಂದ ಹೊರಟು, ಕೈಯಿಂದ ಕೈಗೆ ದಾಟುತ್ತ, ನೀಲಿ ಚೌಕಳಿಯ ಕರ್ಚೀಫು ಹಿಂದಕ್ಕೆ ಬಂತು. ನದಿಯಲ್ಲಿ ಅದ್ದಿದ್ದು. ಹಿಂಡಿರಲಿಲ್ಲ. “ಕಿವಿ ಸುಟ್ಟು ಕೆಂಪಾಗಿದೆಯಲ್ಲ, ಒತ್ತಿಕೊಳ್ಳೋಕೆ ಹೇಳಿ,” ಎಂಬ ಸಂದೇಶವೂ ಅದರೊಡನೆ ಆರು ಬಾಯಿಗಳನ್ನು ದಾಟಿ ಬಂತು.

ಮುದ್ದುವೀರಪ್ಪ ಒತ್ತಿಕೊಂಡ. ಕಾವೇರಿ ಅವನ ಕತ್ತಿನ ಮೇಲಿಂದ ಇಳಿದು ಅಂಗಿಯ ಕಾಲರಿನೊಳಗೆ ಹೋಯಿತು. ಆಮೇಲೆ ಕರ್ಚೀಫಿನ ಇನ್ನೊಂದು ತುದಿಯನ್ನು ಈರಬಸಪ್ಪನ ಕಡೆ ಚಾಚಿದ. ಮುಂದೆ, ಹದಿನೇಳು ಅಂಗುಲ ಅಗಲದ, ಸ್ಪಂಜು ಕಿತ್ತು ಬಂದ, ಗಾಜು ಸರಿಯದ ಆ ಸೀಟಿನಲ್ಲಿ, ಕಿಟಕಿಗೆ ತಲೆಯಾನಿಸಿ ನೀಲವ್ವ ಗೊರಕೆ ಹೊಡೆಯುತ್ತಿದ್ದಳು.